ಗೋಡೆ ಫ್ರಿಜ್ಜಿನ ಬೆನ್ನು

"ಇನ್ನ ಮ್ಯಾಲೆ ಈ ಮನಿಯಾಗ ವಾರಕ್ಕ ಒಂದ ದಿನ ಅಡಿಗಿ. ಉಳದ ಆರು ದಿನ ಒಲಿಗೆ ರಜಾ!"

ತಟ್ಟೆಯಲ್ಲಿ ಇನ್ನೂ ಅರ್ಧ ಮಂಡಕ್ಕಿ ಒಗ್ಗರಣೆ ಇರುವಾಗಲೇ ಕಾಂತೇಶ ಎದ್ದು ನಿಂತು ಈ ಘೋಷಣೆ ಮಾಡಿದ. ಕೂಡ್ಲಿಗಿಯ ಪಿಯು ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷ ಭೌತಶಾಸ್ತ್ರ ಹೇಳಿದ ಗಂಟಲು ಅದು. ಮನೆಯಲ್ಲಿ ಇರುವುದು ಮೂರೇ ಜನವಾದರೂ ಕೊನೆಯ ಬೆಂಚಿಗೆ ಕೇಳುವಂತೆಯೇ ಮಾತಾಡುತ್ತದೆ. ಆ ಮೂವರಲ್ಲಿ ಅವ್ವ ಗಾದೆಮ್ಮ ಮೊಣಕಾಲು ನೀವಿಕೊಳ್ಳುತ್ತ ಮಂಡಕ್ಕಿಯಿಂದ ಮೆಣಸಿನಕಾಯಿ ಆರಿಸುತ್ತಿದ್ದಳು. ಹೆಂಡತಿ ಗೀತಮ್ಮ ಎರಡನೇ ಸಲದ ಚಹಾ ಸೋಸುತ್ತಿದ್ದಳು. ಚಪ್ಪಾಳೆ ಬೀಳಲಿಲ್ಲ.

ಈ ಘೋಷಣೆಗೆ ಹಿನ್ನೆಲೆ ಉಂಟು. ಮಗಳು ದಾವಣಗೆರೆಯ ಹಾಸ್ಟೆಲ್ ಸೇರಿದ ಮೇಲೆ ಗೀತಮ್ಮ ತನ್ನ ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟನ್ನು ಟ್ರಂಕಿನ ತಳದಿಂದ ಹೊರಗೆ ತೆಗೆದಿದ್ದಳು. ಕೊಟ್ಟೂರಿನ ಒಂದು ಶಾಲೆಯವರು ಅವಳನ್ನು ಗ್ರಂಥಪಾಲಕಿ ಎಂದು ಕರೆದಿದ್ದರು. ಒಂದು ತಿಂಗಳು ನೋಡುತ್ತಾರೆ, ಆಮೇಲೆ ಕಾಯಂ. ಬಸ್ಸು ಬೆಳಿಗ್ಗೆ ಏಳೂ ಮುಕ್ಕಾಲಿಗೆ. ಹಾಗಾದರೆ ಅಡುಗೆ ಮಾಡುವವರು ಯಾರು? ಈ ಪ್ರಶ್ನೆ ನಾಲ್ಕು ದಿನ ಪಡಸಾಲೆಯಲ್ಲಿ ಬೇಡದ ನೆಂಟನ ಹಾಗೆ ಕಾಲು ಚಾಚಿ ಮಲಗಿತ್ತು.

"ನೀವ ಮಾಡಬಹುದಲ್ರಿ? ನಿಮ್ಮ ಕಾಲೇಜು ನಾಕು ಹೆಜ್ಜಿ, ಅದೂ ಹತ್ತು ಗಂಟಿಗೆ" ಎಂದು ಗೀತಮ್ಮ ಒಂದು ಉತ್ತರ ಸೂಚಿಸಿದ್ದಳು.

ಕಾಂತೇಶ ಮನಸಾರೆ ನಕ್ಕಿದ್ದ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಹೆಂಡತಿಗೆ ಇಷ್ಟು ಹಾಸ್ಯಪ್ರಜ್ಞೆ ಇದೆಯೆಂದು ಗೊತ್ತೇ ಇರಲಿಲ್ಲ ಅಂತ ಮರುದಿನ ಸ್ಟಾಫ್ ರೂಮಿನಲ್ಲೂ ಹೇಳಿಕೊಂಡು ಬಂದಿದ್ದ.

ಐದನೇ ದಿನ ಹರಪನಹಳ್ಳಿಯಲ್ಲಿ ಸಹೋದ್ಯೋಗಿಯೊಬ್ಬನ ಗೃಹಪ್ರವೇಶ. ಊಟದ ನಂತರ ಅಡಿಕೆ ಹುಡುಕುತ್ತ ಕಾಂತೇಶ ಗೋಡೆಯ ಕಪಾಟೊಂದನ್ನು ತೆರೆದ. ಒಳಗೆ ದೀಪ ಹತ್ತಿತು, ಮುಖಕ್ಕೆ ತಂಪು ಬಡಿಯಿತು, ಸಾಲಾಗಿ ಡಬ್ಬಿಗಳು ಕಂಡವು. ಅದು ಕಪಾಟಲ್ಲ, ಗೋಡೆಯೊಳಗೇ ಕೂಡಿಸಿದ ಫ್ರಿಜ್ಜು! ಆ ಕ್ಷಣದಲ್ಲೇ ಕಾಂತೇಶನಿಗೆ ಜ್ಞಾನೋದಯವಾಯಿತು. ಅಡುಗೆ ಯಾರು ಮಾಡಬೇಕೆಂಬುದು ಪ್ರಶ್ನೆಯೇ ಅಲ್ಲ, ಮಾಡಿದ್ದನ್ನು ಎಲ್ಲಿ ಇಡಬೇಕೆಂಬುದೇ ಪ್ರಶ್ನೆ. ಏಳು ದಿನದ ಅಡುಗೆ ಒಂದೇ ದಿನದಲ್ಲಿ! ಆ ಒಂದು ದಿನ ಒಲೆಯ ಮುಂದೆ ನಿಲ್ಲುವವರು ಯಾರು ಎಂಬ ಸಣ್ಣ ವಿವರ ವಿಜ್ಞಾನದ ವ್ಯಾಪ್ತಿಗೆ ಬರುವುದಿಲ್ಲ.

ಘೋಷಣೆ ಮುಗಿಸಿ, ಚಹಾ ಕೊಡಲು ಬಂದ ಹೆಂಡತಿಯನ್ನು ಕಾಂತೇಶ ಅಡುಗೆಮನೆಯ ಬಾಗಿಲಲ್ಲೇ ತಡೆದು, ಅವ್ವನಿಗೆ ಕೇಳದಷ್ಟು ಮೆಲ್ಲಗೆ ಕರಾರು ಹೇಳಿದ. "ನೋಡು ಗೀತಾ, ನಿಂದೂ ಒಂದು ತಿಂಗಳು, ಫ್ರಿಜ್ಜಿಂದೂ ಒಂದು ತಿಂಗಳು. ಫ್ರಿಜ್ಜು ಗೆದ್ರ ನೀ ಆರಾಮ ನೌಕರಿಗೆ ಹೋಗು."

"ಸೋತ್ರ?"

"ಸೋತ್ರ... ಮನಿ ಮೊದಲಲ್ಲೇನು?"

"ಅಂದ್ರ ನನ್ನ ನೌಕರಿ ಒಂದು ಡಬ್ಬಿ ಕೈಯಾಗೈತಿ."

"ಡಬ್ಬಿ ಅಲ್ಲ, ವಿಜ್ಞಾನದ ಕೈಯಾಗೈತಿ!"

ಇಪ್ಪತ್ತು ವರ್ಷದ ಮೇಲೆ ಒಂದು ಬಾಗಿಲು ತೆರೆದಿತ್ತು, ಅದು ಫ್ರಿಜ್ಜಿನದೇ ಆದರೂ ಸರಿ ಎಂದುಕೊಂಡು ಗೀತಮ್ಮ ಒಪ್ಪಿದಳು.

ಗೋಡೆಯಲ್ಲಿ ಕೂಡಿಸುವುದಕ್ಕೆಂದೇ ಮಾಡಿದ ಫ್ರಿಜ್ಜು ಬೇರೆ ಬರುತ್ತದೆ. ಆದರೆ ಭೌತಶಾಸ್ತ್ರದವನಿಗೆ ಅದರ ಹಂಗೇಕೆ? ಕಾಂತೇಶ ಮಾಮೂಲಿ ಫ್ರಿಜ್ಜನ್ನೇ ತಂದ. ಮನೆ ಹಳೆಯದು, ಅಡುಗೆಮನೆಗೂ ಅವ್ವನ ಕೋಣೆಗೂ ನಡುವೆ ಎರಡು ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆ. ಅದರಲ್ಲಿ ಜೋಳದ ಚೀಲ ಇಡುತ್ತಿದ್ದ ದೊಡ್ಡ ಗೂಡು ಇತ್ತು. ಬಡಗಿ ಮೌನೇಶ ಅದನ್ನೇ ಇನ್ನಷ್ಟು ಅಗೆದು, ಫ್ರಿಜ್ಜನ್ನು ಒಳಗೆ ನೂಕಿ, ಮುಂದೆ ಸಾಗುವಾನಿ ಬಣ್ಣದ ಹಲಗೆ ಬಡಿದ. ಈ ಮೌನೇಶ ಹೆಸರಿಗಷ್ಟೇ ಮೌನಿ.

"ಸಾರ್, ಇದಕ್ಕ ಹಿಂದ ಜಾಗ ಬ್ಯಾಡೇನ್ರಿ? ಉಸುರು ಕಟ್ಟತೈತ್ರಿ."

"ಯಂತ್ರ ಉಸಿರಾಡಂಗಿಲ್ಲ ಮೌನೇಶ."

"ನಮ್ಮ ಎಮ್ಮಿನ ಇಷ್ಟು ಇಕ್ಕಟ್ಟಿನ್ಯಾಗ ಕಟ್ಟಿದ್ರ ಒದಿತೈತ್ರಿ ಸಾರ್."

"ಇದು ಎಮ್ಮಿ ಅಲ್ಲಪ್ಪಾ!"

ಮೂರು ತಾಸಿಗೆ ಎಮ್ಮೆ ಒದೆಯಿತು. ಗೋಡೆ ಬೆಚ್ಚಗಾಯಿತು, ಹಲಗೆ ಬೆಚ್ಚಗಾಯಿತು, ಫ್ರಿಜ್ಜು ಒಮ್ಮೆ ನಡುಗಿ ನಿಂತೇ ಹೋಯಿತು. ಬಸ್ ನಿಲ್ದಾಣದ ಹತ್ತಿರ ಫ್ರಿಜ್ ರಿಪೇರಿ ಮಾಡುವ ಯೂಸುಫ್ ಸಾಬ್ ಬಂದು ನೋಡಿ, ಹಣೆಗೆ ಕೈ ಹಚ್ಚಿಕೊಂಡ.

"ಮೇಷ್ಟ್ರ, ಬ್ಯಾಸಿಗ್ಯಾಗ ಕಂಬಳಿ ಹೊದಿಸಿ ಓಡು ಅಂದಂಗಾತ್ರಿ ಇದು. ಹಿಂದ ಗಾಳಿ ಬಿಡ್ರಿ."

"ಅದನ್ನ ನಾ ಮೊದಲಿಂದನೂ ಮೌನೇಶಗ ಹೇಳಾಕತ್ತೀನಿ!" ಎಂದ ಕಾಂತೇಶ. ಮೌನೇಶ ಜೀವಮಾನದಲ್ಲಿ ಮೊದಲ ಬಾರಿಗೆ ಮೌನವಾದ.

ಗೋಡೆಯ ಆ ಬದಿಗೆ, ಅವ್ವನ ಕೋಣೆಯಲ್ಲಿ, ನೆಲಕ್ಕೆ ಅಂಟಿಕೊಂಡು ಎರಡಡಿ ಅಗಲದ ಕಿಂಡಿ ಕೊರೆದದ್ದಾಯಿತು, ಕಬ್ಬಿಣದ ಜಾಲರಿ ಹಾಕಿದ್ದಾಯಿತು. ಕಾಂತೇಶ ಅದಕ್ಕೆ "ಉಷ್ಣ ನಿರ್ಗಮನ ದ್ವಾರ" ಎಂದು ನಾಮಕರಣ ಮಾಡಿದ. ಅಮಾವಾಸ್ಯೆ ದಿನ ಗಾದೆಮ್ಮ ಫ್ರಿಜ್ಜಿಗೆ ವಿಭೂತಿ ಬಳಿದು, ಕಾಯಿ ಒಡೆದು, ಜಾಲರಿಗೂ ಕುಂಕುಮ ಹಚ್ಚಿದಳು.

"ಇದೇನಲೇ ಕಾಂತೇಶ, ಗ್ವಾಡಿ ಬಿಸಿ ಉಸುರು ಬಿಡಾಕತ್ತೈತಿ?"

ಕಾಂತೇಶ ಖುಷಿಯಾಗಿ ಅವ್ವನಿಗೆ ಮುಕ್ಕಾಲು ಗಂಟೆ ಪಾಠ ಹೇಳಿದ. ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಗಾದೆಮ್ಮ ನಡುವೆ ಎರಡು ಪ್ರಶ್ನೆ ಕೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಕೇಳದಂಥ ಪ್ರಶ್ನೆಗಳು! ಅವನ ಕಣ್ಣು ತುಂಬಿ ಬಂದವು.

ಮುಂದಿನ ಭಾನುವಾರ ಮಹಾಪ್ರಯೋಗ. ಗೀತಮ್ಮ ಬೆಳಗಿನ ಐದಕ್ಕೆ ಒಲೆ ಹಚ್ಚಿದಳು. ನಲವತ್ತೆಂಟು ಕಟಕ ರೊಟ್ಟಿ ಬಡಿದಳು. ಅವು ಫ್ರಿಜ್ಜಿನ ದಯೆ ಬೇಡದೆ ಬುಟ್ಟಿಯಲ್ಲೇ ತಿಂಗಳಿರುವಂಥವು. ಆಮೇಲೆ ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಮೂರು ಥರದ ಸಾರು, ಎರಡು ಥರದ ಚಟ್ನಿ. ಎಲ್ಲವನ್ನೂ ಆರಿಸಿ ಡಬ್ಬಿಗೆ ತುಂಬಿ, ಪಾತ್ರೆ ತಿಕ್ಕಿ, ಕಟ್ಟೆ ಒರೆಸುವ ಹೊತ್ತಿಗೆ ಸಂಜೆ ನಾಲ್ಕು.

ಕಾಂತೇಶನೂ ಸುಮ್ಮನೆ ಕೂತಿರಲಿಲ್ಲ. ಡಬ್ಬಿಗಳಿಗೆ ಚೀಟಿ ಅಂಟಿಸಿದ. "ಸೋಮ, ಮಧ್ಯಾಹ್ನ." "ಮಂಗಳ, ರಾತ್ರಿ." ದುಂಡು ಅಕ್ಷರ, ಕೆಳಗೆ ಗೆರೆ. ಆ ಹದಿನಾಲ್ಕು ಚೀಟಿ ಬರೆಯಲು ಅವನಿಗೆ ಮೂರು ಪೆನ್ನು, ಎರಡು ಚಹಾ, ಒಂದು ತಲೆದಿಂಬು ಬೇಕಾದವು.

"ಅಬ್ಬಾ! ಒಂದು ವಾರದ ಅಡಿಗಿ ಮುಗಿಸಿಬಿಟ್ವಿ!" ಎಂದು ಸೊಂಟ ಹಿಡಿದುಕೊಂಡು ಎದ್ದ.

"ಮುಗಿಸಿಬಿಟ್ವಿ" ಎಂದು ಗೀತಮ್ಮ ಆ ಪದವನ್ನು ಮತ್ತೊಮ್ಮೆ ಹೇಳಿ ನೋಡಿದಳು, ಉಪ್ಪು ನೋಡುವವರ ಹಾಗೆ.

ಸೋಮವಾರ ಗೀತಮ್ಮ ಕೊಟ್ಟೂರಿನ ಬಸ್ಸು ಹತ್ತಿದಳು, ಊಟ ಅಮೃತ. ಮಂಗಳವಾರ ಪರವಾಗಿಲ್ಲ. ಬುಧವಾರದ ಡಬ್ಬಿ ತೆರೆದರೆ ಸಾರು ಪಿಸುಗುಟ್ಟಿತು! ಗುಳ್ಳೆ ಒಡೆದು ಏನೋ ಗುಟ್ಟು ಹೇಳುತ್ತಿತ್ತು. ಗುರುವಾರ ಮಡಿಕೆಕಾಳು ಪಲ್ಯಕ್ಕೆ ಬಿಳಿ ಗಡ್ಡ ಬಂದಿತ್ತು.

"ಗೀತಾ, ನೀ ಬಿಸಿ ಇದ್ದಾಗ ಒಳಗ ಇಟ್ಟಿ."

"ಮೂರು ತಾಸು ಆರಿಸೀನ್ರಿ."

"ಹಂಗಾರ ಉಪ್ಪು ಕಡಿಮಿ ಹಾಕಿದಿ."

"ಫ್ರಿಜ್ಜು ಯಾರ ಕೆಲಸ ಅಂದಿದ್ರಿ? ವಿಜ್ಞಾನದ್ದಲ್ರಿ? ಉಪ್ಪಿಂದ ಕೆಲಸ ಮಾಡೂದಾದ್ರ ಉಪ್ಪಿನಕಾಯಿ ಭರಣಿ ಇತ್ತಲ್ರಿ ಮನಿಯಾಗ!"

ಶುಕ್ರವಾರದಿಂದ ಗೀತಮ್ಮ ಮತ್ತೆ ಐದಕ್ಕೆ ಎದ್ದಳು. ಎಂದರೆ, ಭಾನುವಾರ ಏಳು ದಿನದ ಅಡುಗೆ, ವಾರದ ಕೊನೆಗೆ ಮತ್ತೆ ದಿನದಿನದ ಅಡುಗೆ. ಅಡುಗೆ ಕಡಿಮೆ ಮಾಡಲೆಂದು ಬಂದ ಯಂತ್ರ ಏಳು ದಿನದ ವಾರದಲ್ಲಿ ಹತ್ತು ದಿನದ ಅಡುಗೆ ಮಾಡಿಸಿತು! ಇಂಥ ಸಾಧನೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಎರಡನೇ ವಾರ ಕಾಂತೇಶ ಕಾಲೇಜಿನ ಪ್ರಯೋಗಾಲಯದಿಂದ ಥರ್ಮಾಮೀಟರ್ ತಂದು ಫ್ರಿಜ್ಜಿನೊಳಗೆ ತೂಗುಹಾಕಿದ. ಬೆಳಿಗ್ಗೆ ನೋಡಿದರೆ ತಂಪು. ಸಂಜೆ ನೋಡಿದರೆ ಒಳಗೆ ಹೊರಗೆ ಒಂದೇ ಹವೆ. ಗೋಡೆಗೆ ನಕ್ಷೆ ಅಂಟಿಸಿದ. ಅದರ ಗೆರೆ ಬೆಳಗಿನಿಂದ ಸಂಜೆಗೆ ಗುಡೇಕೋಟೆಯ ಗುಡ್ಡದ ಹಾಗೆ ಏರುತ್ತಿತ್ತು. ವೋಲ್ಟೇಜ್ ಅನುಮಾನಿಸಿದ, ಗ್ಯಾಸ್ ಅನುಮಾನಿಸಿದ, ಭೂಮಿಯ ಕಾಂತಕ್ಷೇತ್ರವನ್ನೂ ಅನುಮಾನಿಸಿದ. ಯೂಸುಫ್ ಸಾಬ್ ಮತ್ತೆ ಬಂದ.

"ಮಷೀನು ಕಲ್ಲುಗುಂಡು ಇದ್ದಂಗೈತ್ರಿ. ಯಾರಾರ ಬಾಗಿಲಾ ತೆರದಿಡ್ತಾರೇನ್ರಿ?"

"ಯಾರು ತೆರಿತಾರ? ನಾವಿಬ್ಬರೂ ಇರಂಗಿಲ್ಲ. ಮನಿಯಾಗ ಇರಾಕಿ ಅವ್ವ ಒಬ್ಬಾಕಿ. ಅಕಿಗೆ ಮಣಕಾಲ ನೋವು, ಕುಂತ್ರ ಏಳಾಕ ಬರಂಗಿಲ್ಲ."

ಇದು ನಿಜ. ಅರವತ್ತು ವರ್ಷ ಒಂದು ಕಾಲು ಮಡಚಿ, ಒಂದು ಕಾಲು ಊರಿ ರೊಟ್ಟಿ ಬಡಿದ ಮೊಣಕಾಲುಗಳು ಅವು. ದೀಪಾವಳಿಯಲ್ಲಿ ಅವಳು ನೋವು ಎಂದಾಗ ಕಾಂತೇಶ ಕೂಲಂಕಷವಾಗಿ ಪರೀಕ್ಷಿಸಿ, "ವಯಸ್ಸಾತಲ್ಲ ಯವ್ವಾ" ಎಂದು ಔಷಧ ಹೇಳಿದ್ದ. ಇತ್ತೀಚೆಗೆ ಅದೇ ಅವ್ವ ಬೀದಿಯ ತುದಿಯ ಅಂಗಡಿಗೆ ತಾನೇ ಹೋಗಿಬರುತ್ತಿದ್ದುದನ್ನು ಅವನು ಗಮನಿಸಿರಲಿಲ್ಲ. ಮಧ್ಯಾಹ್ನ ಓಣಿಯ ಹೆಂಗಸರು ಬರುತ್ತಾರೆಂದು ಮಾತ್ರ ಗೊತ್ತಿತ್ತು. ಗೋಡೆ ಫ್ರಿಜ್ಜು ನೋಡಲು ಜನ ಬರುವುದು ಸಹಜ ಎಂದುಕೊಂಡು ಎದೆ ಉಬ್ಬಿಸಿದ್ದ.

ಮೂರನೇ ವಾರವೂ ಸಾರು ಪಿಸುಗುಟ್ಟಿದಾಗ ಕಾಂತೇಶ ಗಂಭೀರನಾದ.

"ಗೀತಾ, ಪ್ರಯೋಗ ಸೋತೈತಿ. ಶನಿವಾರ ಆ ಸಾಲಿಗೆ ಒಂದು ಪತ್ರ ಕೊಟ್ಟುಬಿಡು. ನಿನಗ ತ್ರಾಸ ಬ್ಯಾಡಂತ ನಾನ ಬರದೀನಿ."

ರಾಜೀನಾಮೆ ಪತ್ರ! ಅದೇ ದುಂಡು ಅಕ್ಷರ, ಕೆಳಗೆ ಗೆರೆ. ಸಹಿಗೆ ಮಾತ್ರ ಜಾಗ ಖಾಲಿ ಬಿಟ್ಟಿದ್ದ.

ಗೀತಮ್ಮ ಅದನ್ನು ಓದಿದಳು. ಆ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬೀಗ ಹಾಕಿದ್ದ ಎರಡು ಬೀರು ಪುಸ್ತಕಗಳನ್ನು ಅವಳು ಬಿಸಿಲಿಗೆ ಹಾಕಿ, ಗೆದ್ದಲು ಝಾಡಿಸಿ ಸಾಲಾಗಿ ಜೋಡಿಸಿದ್ದಳು. ಊಟದ ಬಿಡುವಿನಲ್ಲಿ ಈಗ ಹುಡುಗಿಯರು ಬಾಗಿಲಲ್ಲಿ ಕಾಯುತ್ತಿದ್ದರು. "ಒಂದೆರಡು ದಿನ ಐತಲ್ರಿ ಶನಿವಾರಕ್ಕ" ಎಂದಳು. ಪತ್ರವನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು.

ಶುಕ್ರವಾರ ಪ್ರಾಕ್ಟಿಕಲ್ ಕ್ಲಾಸು ರದ್ದಾಯಿತು. ಪ್ರಯೋಗದ ಅಂತಿಮ ವರದಿ ಬರೆಯೋಣವೆಂದು ಕಾಂತೇಶ ಮಧ್ಯಾಹ್ನವೇ ಮನೆಗೆ ಬಂದ. ಅಡುಗೆಮನೆಗೆ ಕಾಲಿಟ್ಟರೆ ಏನು ನೋಡುವುದು! ಫ್ರಿಜ್ಜಿನ ಬಾಗಿಲು ಹಾರು ಹೊಡೆದಿತ್ತು. ಮುಚ್ಚದಿರಲೆಂದು ಮುದ್ದೆ ಕೋಲನ್ನು ಅಡ್ಡ ಇಡಲಾಗಿತ್ತು. ಯಂತ್ರ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತಿತ್ತು. ಗೋಡೆಯ ಆ ಬದಿಯಿಂದ ನಗು ಕೇಳುತ್ತಿತ್ತು.

ಅವ್ವನ ಕೋಣೆಗೆ ನುಗ್ಗಿದ. ಉಷ್ಣ ನಿರ್ಗಮನ ದ್ವಾರದ ಮುಂದೆ ಚಾಪೆ. ಚಾಪೆಯ ಮೇಲೆ ಖಾನಾವಳಿಗೆ ರೊಟ್ಟಿ ಬಡಿಯುವ ಪಕ್ಕೀರಮ್ಮ ಎರಡೂ ಮೊಣಕಾಲನ್ನು ಜಾಲರಿಗೆ ಒಪ್ಪಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಅವಳ ಹಿಂದೆ ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಬಾನು ಬೀ. ಅವಳ ಹಿಂದೆ ಇನ್ನೂ ಇಬ್ಬರು. ಪಕ್ಕದಲ್ಲಿ ಗಾದೆಮ್ಮ ಊದಿನಕಡ್ಡಿ ಹಚ್ಚಿಟ್ಟುಕೊಂಡು ನ್ಯಾಯಾಧೀಶೆಯ ಹಾಗೆ ವಿರಾಜಮಾನಳಾಗಿದ್ದಳು. ಒಂದು ಕಡ್ಡಿ ಉರಿಯುವಷ್ಟು ಹೊತ್ತು ಒಬ್ಬರ ಪಾಳಿ!

"ಏನ್ ನಡದೈತಿ ಇಲ್ಲಿ?"

"ಮಣಕಾಲ ಕಾಸಿಗೊಳ್ಳಾಕತ್ತೀವಪ್ಪಾ" ಎಂದಳು ಗಾದೆಮ್ಮ, ಚೂರೂ ಅಳುಕದೆ. "ಚಳಿಗೆ ಭಾಳ ಹಿತ ಆಗತೈತಿ. ದವಾಖಾನ್ಯಾಗೂ ಇಂಥಾದು ಇಲ್ಲ ಅಂತಾಳ ಬಾನು ಬೀ."

"ಬಾಗಿಲಾ ಯಾರು ತೆರದ್ರು?"

"ನಾನಾ. ಬಾಗಿಲಾ ತೆರದಿಟ್ರ ಏನಾಗತೈತಿ ಅಂತ ನಾ ಅವತ್ತು ಕೇಳಿದೆ. ಬಿಡುವಿಲ್ಲದಂಗ ಓಡತೈತಿ, ಹಿಂದ ಇನ್ನೂ ಬಿಸಿ ಬರತೈತಿ ಅಂತ ನೀ ಹೇಳಿದಿ. ತೆರದು ನೋಡಿದೆ. ಖರೇನ ಹೇಳಿದ್ದಿ! ನಿನ್ನ ಪಾಠ ಕೇಳಿ ಪಾಸಾದಾಕಿ ನಾ ಒಬ್ಬಾಕಿನ ನೋಡು."

ಕಾಂತೇಶ ಗೋಡೆ ಹಿಡಿದುಕೊಂಡ. ಅದೂ ಬೆಚ್ಚಗಿತ್ತು.

"ಯವ್ವಾ, ಇದರಿಂದ ನಿನ್ನ ಸೊಸಿ ನೌಕರಿ ಹೋಗತೈತಿ! ನಾಳೆ ಪತ್ರ ಕೊಡಬೇಕು ಅಕಿ!"

ಪಕ್ಕೀರಮ್ಮ ಕಣ್ಣು ತೆರೆದಳು.

"ನೌಕರಿ? ಫ್ರಿಜ್ಜಿಗೂ ನೌಕರಿಗೂ ಏನಲೇ ಸಂಬಂಧ?" ಎಂದಳು ಗಾದೆಮ್ಮ.

ಕಾಂತೇಶ ಕರಾರು ವಿವರಿಸಿದ. ಅಡುಗೆಮನೆ ಬಾಗಿಲಲ್ಲಿ ಹೇಳಿದಾಗ ಅಷ್ಟು ನ್ಯಾಯವಾಗಿ ಕೇಳಿಸಿದ್ದ ಮಾತು, ಐದು ಜನ ಹೆಂಗಸರ ಮುಂದೆ ಯಾಕೋ ಹಳಸಿದ ವಾಸನೆ ಹೊಡೆಯಿತು. ಗಾದೆಮ್ಮ ಮೊದಲು ಎದ್ದು ಹೋಗಿ ಮುದ್ದೆ ಕೋಲು ತೆಗೆದು ಫ್ರಿಜ್ಜಿನ ಬಾಗಿಲು ಹಾಕಿ ಬಂದಳು. ಸರಸರ ಎದ್ದಳು, ಸರಸರ ಕೂತಳು.

"ನನ್ನ ಕಾಲಿಗೋಸ್ಕರ ಅಕಿ ನೌಕರಿ ಹೋಗೂದು ಬ್ಯಾಡ. ಇನ್ನ ತೆರಿಯಂಗಿಲ್ಲ."

ಸಂಜೆ ಐದೂ ಕಾಲಿನ ಬಸ್ಸಿಗೆ ಗೀತಮ್ಮ ಬಂದಳು. ಯಾರೂ ಮನೆಗೆ ಹೋಗಿರಲಿಲ್ಲ. ನಾಲ್ವರೂ ಏಕಕಾಲಕ್ಕೆ ಕಥೆ ಹೇಳಿದರು, ಕಾಂತೇಶ ನಕ್ಷೆ ತೋರಿಸಿದ. ಗೀತಮ್ಮ ಎಲ್ಲ ಕೇಳಿ, ಬ್ಯಾಗು ಕೆಳಗಿಟ್ಟು, ಜಾಲರಿಗೆ ಬೆನ್ನು ಕೊಟ್ಟು ಕೂತಳು. ಮೂರು ಭಾನುವಾರ ತಲಾ ಹನ್ನೊಂದು ತಾಸು ನಿಂತ ಸೊಂಟ ಅದು.

"ಹಾಯ್ ಅನಸತೈತ್ರಿ ಅತ್ತಿ" ಎಂದಳು. "ಬಾಗಿಲಾ ತೆರಿರಿ. ಜೋರು ಬರಲಿ."

"ಗೀತಾ! ಅಡಿಗಿ ಕೆಡತೈತಿ!"

"ಯಾವ ಅಡಿಗಿ ಕೆಡತೈತ್ರಿ? ಇನ್ನ ಒಳಗ ಇಡೂದ ಬ್ಯಾಡ. ದಿನಾ ಬಿಸಿಬಿಸಿ ಮಾಡ್ರಿ."

"ಯಾರು?"

"ಹತ್ತಕ್ಕ ಕಾಲೇಜಿಗೆ ಹೋಗೋರು."

ಈ ಸಲ ಕಾಂತೇಶನಿಗೆ ನಗು ಬರಲಿಲ್ಲ. "ನನಗ ಅಡಿಗಿ ಬರಂಗಿಲ್ಲ" ಎಂದ.

ಬಾನು ಬೀ ಬಲು ವಿನಯದಿಂದ ಕೇಳಿದಳು: "ಸಾರ್, ಗ್ವಾಡಿಯೊಳಗ ಫ್ರಿಜ್ಜು ಕೂಡ್ಸಾಕ ಬರ್ತಿತ್ತೇನ್ರಿ ನಿಮಗ?"

"ಇಲ್ಲ..."

"ಮಾಡಿದ್ರಲ್ರಿ!"

"ಫ್ರಿಜ್ಜು ಸೋತ್ರ ನೌಕರಿ ಬಿಡು ಅಂದಿದ್ರಿ" ಎಂದಳು ಗೀತಮ್ಮ. "ಎಲ್ಲಿ ಸೋತೈತ್ರಿ? ಇಡೀ ಓಣಿ ಮಣಕಾಲ ಎತ್ತಿ ನಿಲ್ಲಿಸೈತಿ. ಈ ಮನಿಯಾಗ ಅದರಷ್ಟು ಕೆಲಸ ಮಾಡೂ ಗಂಡಸು ಇನ್ನೊಬ್ಬ ಇಲ್ಲ." ಬ್ಯಾಗಿನಿಂದ ಆ ಪತ್ರ ತೆಗೆದು, ಒಂದೊಂದೇ ಅಕ್ಷರಕ್ಕೂ ಕೇಳಿಸುವಂತೆ ನಿಧಾನವಾಗಿ ಹರಿದಳು.

"ಖಾನಾವಳ್ಯಾಗ ನಾ ಹೇಳಿ ಇಡ್ತೀನಿ" ಎಂದಳು ಪಕ್ಕೀರಮ್ಮ. "ಮೇಷ್ಟ್ರು ಬಂದ್ರ ರೊಟ್ಟಿ ಇಲ್ಲ ಅನ್ರಿ ಅಂತ."

ಎಲ್ಲ ದಾರಿಗಳೂ ಮುಚ್ಚಿದವು. ತೆರೆದಿದ್ದದ್ದು ಫ್ರಿಜ್ಜಿನ ಬಾಗಿಲೊಂದೇ.

ಮೊದಲ ದಿನ ಕಾಂತೇಶನ ಅನ್ನ ತಳ ಹಿಡಿಯಿತು, ಮೇಲೆ ಅಕ್ಕಿಯಾಗಿಯೇ ಉಳಿಯಿತು. ಎರಡನೇ ದಿನ ಒಗ್ಗರಣೆಯ ಹೊಗೆಗೆ ಪಕ್ಕದ ಮನೆಯವರು ಬಿಂದಿಗೆ ನೀರು ಹಿಡಿದು ಓಡಿ ಬಂದರು. ಆರನೇ ದಿನ ಜೋಳದ ಹಿಟ್ಟು ಅವನ ಎರಡೂ ಕೈಗೆ ಅಂಟಿಕೊಂಡು, ಬಾಗಿಲು ತೆರೆಯಲಾಗದೆ ಮೊಣಕೈಯಿಂದ ಚಿಲಕ ತೆಗೆದ. ಹನ್ನೆರಡನೇ ದಿನ ಒಂದು ರೊಟ್ಟಿ ಉಬ್ಬಿತು! ಅದನ್ನು ಯಾರಿಗೂ ತಿನ್ನಲು ಕೊಡದೆ ಸಂಜೆಯವರೆಗೆ ಇಟ್ಟುಕೊಂಡಿದ್ದು, ಬಸ್ಸಿಳಿದು ಬಂದ ಹೆಂಡತಿಗೆ ತೋರಿಸಿದ. ಅದೇ ಸಂಜೆ ಗೀತಮ್ಮನ ಕೈಗೆ ಕಾಯಂ ಆದೇಶವೂ ಬಂತು. ಮನೆಯಲ್ಲಿ ಯಾರೂ ರೊಟ್ಟಿಯನ್ನು ಎರಡನೇ ಸಲ ನೋಡಲಿಲ್ಲ.

ಹದಿನೆಂಟನೇ ದಿನ ಸರಕಾರಿ ರಜೆ. ಸಾರು ಒಲೆಯ ಮೇಲಿಟ್ಟು ಬಗ್ಗಿದ ಕಾಂತೇಶನಿಗೆ ಮೇಲೇಳಲು ಬರಲಿಲ್ಲ. ಸೊಂಟ ಹಿಡಿದಿತ್ತು, ಮುಂಗೈ ಬಾತಿತ್ತು, ಮೊಣಕಾಲು ಒಂದೊಂದೂ ಬೇರೆ ಬೇರೆ ರಾಗ ಹಾಡುತ್ತಿತ್ತು. ಗೋಡೆ ಹಿಡಿದು, ಬಾಗಿದ ಹಾಗೆಯೇ, ಅವ್ವನ ಕೋಣೆಗೆ ಹೋದ. ಜಾಲರಿಯ ಮುಂದೆ ಗೀತಮ್ಮ ಕಾಲು ಚಾಚಿ ಪುಸ್ತಕ ಓದುತ್ತಿದ್ದಳು. ಹಿಂದೆ ಬಾನು ಬೀ, ಪಕ್ಕೀರಮ್ಮ. ಸಾಲಿನ ಕೊನೆಗೆ ಚಾಪೆಯ ಅಂಚಿನಲ್ಲಿ ಅವನೂ ಮೆಲ್ಲಗೆ ಕುಕ್ಕರಿಸಿದ.

ಗಾದೆಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಷ್ಟು ದಿನಾತಪ್ಪಾ ಒಲಿ ಹಿಡದು?"

"ಹದಿನೆಂಟು ದಿನ ಯವ್ವಾ" ಎಂದ, ಅಳುವುದೊಂದು ಬಾಕಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾದೆಮ್ಮ ಹೊಸ ಊದಿನಕಡ್ಡಿ ಹಚ್ಚಿದಳು.

"ಇಲ್ಲಿ ಇಪ್ಪತ್ತು ವರ್ಷ ಆದೋರಿಗಷ್ಟ ಪಾಳಿ. ನಿಂದಿನ್ನೂ ಹತ್ತೊಂಬತ್ತು ವರ್ಷ ಹನ್ನೊಂದು ತಿಂಗಳು ಹನ್ನೆರಡು ದಿನ ಬಾಕಿ ಐತಿ. ಏಳು, ಸಾರು ಉಕ್ಕಾಕತ್ತೈತಿ."